ಮಾನಸಗಂಗೋತ್ರಿಯಲ್ಲಿ ಆಟ, ಹಾಡು, ಹಾಸ್ಟೆಲ್: ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು ವಿಶ್ವವಿದ್ಯಾಲಯದಲ್ಲಿ ಅಡ್ಮಿಷನ್ ಮುಗಿಯುವ ಹೊತ್ತಿಗೆ ನನಗೆ ಫೋನ್ ಬರಲು ಶುರುವಾಗುತ್ತದೆ. ಊರಿನ ಕಡೆಯ ಮಕ್ಕಳು, ಅವರ ಅಪ್ಪ ಅಮ್ಮ, ಕೆಲವೊಮ್ಮೆ ಅವರ ಮೇಷ್ಟ್ರು. ನಾನು ಇಲ್ಲೇ ಓದಿದವನು, ಇಲ್ಲೇ ಖೋ-ಖೋ ಆಡಿದವನು. ಗಂಗೋತ್ರಿಯ ಮೈದಾನ, ಬಯಲು ರಂಗಮಂದಿರ, ಹಾಡಿನ ಕೋಣೆ ಎಲ್ಲವೂ ಇಲ್ಲಿಗೆ ಬಂದ ಪ್ರತಿಯೊಬ್ಬರಿಗೂ ಸೇರಿದ್ದು ಅಂತ ನಂಬಿದವನು. ಹಾಗಾಗಿ ಜಾಸ್ತಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಮಾನಸಗಂಗೋತ್ರಿ ಅಂದ್ರೆ ಮೈಸೂರು ವಿಶ್ವವಿದ್ಯಾಲಯವೇನಾ? ಮಹಾರಾಜ ಕಾಲೇಜು ಬೇರೆಯಾ?

ಎಲ್ಲ ಒಂದೇ ಮನೆತನ. ವಿಶ್ವವಿದ್ಯಾಲಯ ಶುರುವಾದದ್ದು 1916ರ ಜುಲೈ 27ರಂದು, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಆಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯನವರು. ಕುಕ್ಕರಹಳ್ಳಿ ಕೆರೆಯ ಆಚೆ ಸ್ನಾತಕೋತ್ತರ ವಿಭಾಗಗಳಿಗೆ ಅಂತ ಒಂದು ದೊಡ್ಡ ಆವರಣ ಬೇಕು ಅಂತ ಹೊರಟವರು ಕುವೆಂಪು. ಅವರು 1956ರಿಂದ 1960ರವರೆಗೆ ಕುಲಪತಿಯಾಗಿದ್ದರು. ಮಾನಸಗಂಗೋತ್ರಿ ಎಂಬ ಹೆಸರೂ ಅವರು ಇಟ್ಟಿದ್ದೇ. 700 ಎಕರೆಗೂ ಮೀರಿದ ಜಾಗ.

ಎಂ.ಎ., ಎಂ.ಎಸ್ಸಿ., ಎಂ.ಕಾಂ. ಓದುವವರು ಗಂಗೋತ್ರಿಯಲ್ಲಿ ಇರುತ್ತಾರೆ. ಡಿಗ್ರಿ ಓದುವವರು ಮಹಾರಾಜ ಕಾಲೇಜು, ಯುವರಾಜ ಕಾಲೇಜು ಅಥವಾ ಬೇರೆ ಕಾಲೇಜುಗಳಲ್ಲಿ. ಕಚೇರಿ ಕೆಲಸಕ್ಕೆ ಕ್ರಾಫರ್ಡ್ ಹಾಲ್.

ಆಟ ಆಡುವವರು ಇಲ್ಲೇ ಒಂದು ವಿಷಯ ಗಮನಿಸಬೇಕು. ಹಿಂದೆ ಮಂಡ್ಯ, ಹಾಸನ, ಚಾಮರಾಜನಗರದ ಕಾಲೇಜುಗಳೂ ಮೈಸೂರು ವಿಶ್ವವಿದ್ಯಾಲಯಕ್ಕೇ ಸೇರಿದ್ದವು. ಆಮೇಲೆ ಆ ಕಡೆ ಹೊಸ ವಿಶ್ವವಿದ್ಯಾಲಯಗಳು ಬಂದವು. ನಿಮ್ಮ ದಾಖಲಾತಿ ಯಾವ ವಿಶ್ವವಿದ್ಯಾಲಯದ ಹೆಸರಿನಲ್ಲಿದೆಯೋ ಅದರ ತಂಡಕ್ಕೇ ನೀವು ಆಡಬೇಕು. ಅಣ್ಣ ಮೈಸೂರು ತಂಡದಲ್ಲಿ ಆಡಿದ್ದ, ನಾನೂ ಅದಕ್ಕೇ ಆಡ್ತೀನಿ ಅಂದರೆ ಆಗುವುದಿಲ್ಲ.

ನಾನು ಸ್ಕೂಲಲ್ಲಿ ಯಾವ ಆಟಾನೂ ಆಡಿಲ್ಲ. ಮೈದಾನಕ್ಕೆ ಹೋದ್ರೆ ಯಾರಾದ್ರೂ ಏನಾದ್ರೂ ಅಂತಾರಾ?

ಜಾಸ್ತಿ ಜನ ಕೇಳುವುದು ಇದನ್ನೇ. ಉತ್ತರ: ಹೋಗಿ. ಮೊದಲ ತಿಂಗಳಲ್ಲೇ ಹೋಗಿ.

ಸಂಜೆ ಮೈದಾನದಲ್ಲಿ ಕಾಣುವವರಲ್ಲಿ ವಿಶ್ವವಿದ್ಯಾಲಯದ ತಂಡಕ್ಕೆ ಆಡುವವರು ಕೆಲವರು ಮಾತ್ರ. ಉಳಿದವರು ಸುಮ್ನೆ ಆಡಲು ಬಂದವರು. ವಾಲಿಬಾಲ್ ಅಂಕಣದಲ್ಲಿ ಆರನೆಯವರು ಬೇಕಾಗಿರುತ್ತಾರೆ. ಖೋ-ಖೋದಲ್ಲಿ ಕೂರಲು ಜನ ಬೇಕಾಗಿರುತ್ತದೆ. ಅಂಚಿನಲ್ಲಿ ನಿಂತು ನೋಡುತ್ತಿದ್ದರೆ ಎರಡನೇ ದಿನ ಯಾರೋ "ಬರ್ತೀರಾ?" ಅಂತ ಕರೆದೇ ಕರೆಯುತ್ತಾರೆ. ಇಪ್ಪತ್ತರ ವಯಸ್ಸಿನಲ್ಲಿ ಖೋ-ಖೋ ಕಲಿತು ತಮ್ಮ ವಿಭಾಗದ ಪರವಾಗಿ ಆಡಿದವರನ್ನು ನಾನು ಕಂಡಿದ್ದೇನೆ. ಅವರಿಗೆ ಕಪ್ ಬರಲಿಲ್ಲ. ಆದರೆ ಇವತ್ತಿಗೂ ಅವರ ಗೆಳೆತನ ಆ ತಂಡದವರ ಜೊತೆಗೇ.

ಮೊದಲ ತಿಂಗಳು ಅಂತ ಒತ್ತಿ ಹೇಳಲು ಕಾರಣ ಇದೆ. ಸೆಮಿಸ್ಟರ್ ಪದ್ಧತಿಯಲ್ಲಿ ದಿನಗಳು ಬೇಗ ಓಡುತ್ತವೆ. ಇಂಟರ್ನಲ್ಸ್, ಸೆಮಿನಾರ್, ಅಸೈನ್‌ಮೆಂಟ್ ಅಂತ ಶುರುವಾದ ಮೇಲೆ ಹೊಸ ಅಭ್ಯಾಸ ಹಿಡಿಯುವುದು ಕಷ್ಟ. ಆಯ್ಕೆಗಳೂ ಸಾಮಾನ್ಯವಾಗಿ ವರ್ಷದ ಮೊದಲ ಅರ್ಧದಲ್ಲೇ ನಡೆದುಹೋಗುತ್ತವೆ.

ಆಡಲು ಜಾಗ ಎಲ್ಲೆಲ್ಲಿ ಇದೆ?

ಕ್ರಾಫರ್ಡ್ ಹಾಲ್ ಹತ್ತಿರ ಓವಲ್ ಮೈದಾನ ಮತ್ತು ಸ್ಪೋರ್ಟ್ಸ್ ಪೆವಿಲಿಯನ್. ದೈಹಿಕ ಶಿಕ್ಷಣ ವಿಭಾಗದ ಚಟುವಟಿಕೆಯ ಕೇಂದ್ರ ಅದೇ. ಮಹಾರಾಜ ಕಾಲೇಜಿಗೆ ತನ್ನದೇ ಮೈದಾನ ಇದೆ, 2023ರವರೆಗೆ ಯುವ ದಸರಾ ನಡೆಯುತ್ತಿದ್ದುದು ಅಲ್ಲೇ. ಈಜು ಬೇಕೆಂದರೆ ಸರಸ್ವತಿಪುರಂನಲ್ಲಿ ವಿಶ್ವವಿದ್ಯಾಲಯದ ಈಜುಕೊಳ.

ಕ್ರಿಕೆಟ್ ಅಂದರೆ ಗಂಗೋತ್ರಿ ಗ್ಲೇಡ್ಸ್. ಈ ಮೈದಾನದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 2010ರ ಜನವರಿಯಲ್ಲಿ ರಣಜಿ ಫೈನಲ್ ಇಲ್ಲೇ ನಡೆಯಿತು, ಕರ್ನಾಟಕ ಮತ್ತು ಮುಂಬಯಿ ನಡುವೆ. ಕರ್ನಾಟಕಕ್ಕೆ ಗೆಲ್ಲಲು 338 ರನ್ ಬೇಕಿತ್ತು. ಮನೀಶ್ ಪಾಂಡೆ 144 ಹೊಡೆದರು. ಕರ್ನಾಟಕ ಕೇವಲ 6 ರನ್‌ಗಳಿಂದ ಸೋತಿತು. ಆ ದಿನಗಳಲ್ಲಿ ಮೈದಾನದ ಸುತ್ತ ತುಂಬಿದ್ದ ಜನರಲ್ಲಿ ವಿದ್ಯಾರ್ಥಿಗಳು ಎಷ್ಟಿದ್ದರೆಂದು ಹಳಬರನ್ನು ಕೇಳಿ ನೋಡಿ. ಸೋಲಿನ ಬೇಸರ ಅವರ ದನಿಯಲ್ಲಿ ಇನ್ನೂ ಇದೆ.

ಓಡುವವರಿಗೆ, ನಡೆಯುವವರಿಗೆ ಕುಕ್ಕರಹಳ್ಳಿ ಕೆರೆಯ ಏರಿ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ ಕೆರೆ ಇದು. ಹೆಜ್ಜಾರ್ಲೆಗಳು ಮರದ ಮೇಲೆ ಕೂತಿರುತ್ತವೆ. ಬೆಳಿಗ್ಗೆ ಒಂದು ಸುತ್ತು ಹಾಕಿದರೆ ಇಡೀ ದಿನ ಮನಸ್ಸು ಹಗುರಾಗಿರುತ್ತದೆ. ಇದಕ್ಕೆ ಯಾರ ಆಯ್ಕೆಯೂ ಬೇಡ, ಅರ್ಜಿಯೂ ಬೇಡ.

ವಿಶ್ವವಿದ್ಯಾಲಯದ ತಂಡಕ್ಕೆ ಹೇಗೆ ಆಯ್ಕೆ ಮಾಡ್ತಾರೆ?

ಮೊದಲು ನಿಮ್ಮ ಕಾಲೇಜಿನ ಅಥವಾ ಗಂಗೋತ್ರಿಯ ತಂಡ. ಆಮೇಲೆ ಅಂತರ ಕಾಲೇಜು ಪಂದ್ಯ. ಅಲ್ಲಿ ಚೆನ್ನಾಗಿ ಆಡಿದವರನ್ನು, ಆಯ್ಕೆ ಟ್ರಯಲ್ಸ್‌ಗೆ ಬಂದವರನ್ನು ನೋಡಿ ವಿಶ್ವವಿದ್ಯಾಲಯದ ತಂಡ ಮಾಡುತ್ತಾರೆ. ತರಬೇತಿ ಶಿಬಿರ ನಡೆಯುತ್ತದೆ. ನಂತರ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿ, ಅಲ್ಲಿ ಗೆದ್ದರೆ ಅಖಿಲ ಭಾರತ ಮಟ್ಟ. ಇದನ್ನೆಲ್ಲ ನಡೆಸುವುದು ಭಾರತೀಯ ವಿಶ್ವವಿದ್ಯಾಲಯಗಳ ಸಂಘ. 1925ರಲ್ಲಿ ಶುರುವಾದ ಸಂಸ್ಥೆ ಅದು. ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವರನ್ನು ಎಲ್ಲರೂ 'ಯೂನಿವರ್ಸಿಟಿ ಬ್ಲೂ' ಅಂತ ಕರೆಯುತ್ತಾರೆ.

ಇದರ ಮೇಲೆ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ಇದೆ. 2020ರಲ್ಲಿ ಭುವನೇಶ್ವರದಲ್ಲಿ ಮೊದಲ ಸಲ ನಡೆಯಿತು. ಎರಡನೆಯದು 2022ರಲ್ಲಿ ಬೆಂಗಳೂರಿನಲ್ಲಿ, ಅದರಲ್ಲಿ ಮಲ್ಲಕಂಬವೂ ಸೇರಿತ್ತು.

ಟ್ರಯಲ್ಸ್ ದಿನಾಂಕ ನಿಮಗೆ ಯಾರೂ ಮನೆಗೆ ಬಂದು ಹೇಳುವುದಿಲ್ಲ. ನಿಮ್ಮ ಕಾಲೇಜಿನ ಪಿ.ಡಿ. (ದೈಹಿಕ ಶಿಕ್ಷಣ ನಿರ್ದೇಶಕರು) ಸರ್ ಅಥವಾ ಮೇಡಂ ಪರಿಚಯ ಮಾಡಿಕೊಳ್ಳಿ. ನೋಟಿಸ್ ಬೋರ್ಡ್ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಒಳ್ಳೆಯ ಆಟಗಾರರು ದಿನಾಂಕ ಗೊತ್ತಾಗದೆ ಮನೆಯಲ್ಲೇ ಉಳಿದದ್ದು ನನಗೆ ಗೊತ್ತು. ಅದು ಕೌಶಲ ಸಾಲದೆ ಸೋತದ್ದಕ್ಕಿಂತ ಜಾಸ್ತಿ ನೋವು ಕೊಡುತ್ತದೆ.

ಊರಲ್ಲಿ ಮಣ್ಣಿನ ಮೇಲೆ ಕಬಡ್ಡಿ ಆಡಿದ್ದೀನಿ. ಇಲ್ಲಿ ಸಾಕಾಗುತ್ತಾ?

ಆಟ ಸಾಕಾಗುತ್ತದೆ, ಕಾಲು ಒಗ್ಗಬೇಕು. ದೊಡ್ಡ ಪಂದ್ಯಗಳು ಈಗ ಮ್ಯಾಟ್ ಮೇಲೆ. ಬರಿಗಾಲಲ್ಲಿ ಮಣ್ಣಿನಲ್ಲಿ ಆಡಿದವರಿಗೆ ಹಿಡಿತದ ಅಂದಾಜು ಬೇರೆ ಇರುತ್ತದೆ. ಮಣ್ಣಿನಲ್ಲಿ ಕಾಲು ಸ್ವಲ್ಪ ಜಾರಿ ನಿಲ್ಲುತ್ತದೆ. ಶೂ ಹಾಕಿಕೊಂಡು ಮ್ಯಾಟ್ ಮೇಲೆ ಬಂದರೆ ಕಾಲು ಅಲ್ಲಲ್ಲೇ ಹಿಡಿದುಬಿಡುತ್ತದೆ, ಮೈ ಮಾತ್ರ ಮುಂದೆ ಹೋಗುತ್ತದೆ. ಮಂಡಿ, ಪಾದದ ಗಂಟು ಉಳುಕುವುದು ಹೀಗೆ. ಮೊದಲ ಕೆಲವು ವಾರ ಪೂರ್ತಿ ವೇಗದಲ್ಲಿ ರೈಡ್ ಮಾಡಬೇಡಿ. ತಿರುಗುವುದು, ನಿಲ್ಲುವುದು ಅಷ್ಟನ್ನೇ ಅಭ್ಯಾಸ ಮಾಡಿ.

ಕುಸ್ತಿಯವರಿಗೂ ಇದೇ ಮಾತು. ಮೈಸೂರಿನ ಗರಡಿಯಲ್ಲಿ ಕಲಿತವರು ಮಟ್ಟಿಯ (ಮಣ್ಣಿನ ಅಖಾಡದ) ಪಟ್ಟುಗಳಲ್ಲಿ ಗಟ್ಟಿ ಇರುತ್ತಾರೆ. ಆದರೆ ಅಂತರ ವಿಶ್ವವಿದ್ಯಾಲಯ ಕುಸ್ತಿ ಮ್ಯಾಟ್ ಮೇಲೆ, ಅಂಕಗಳ ಲೆಕ್ಕದಲ್ಲಿ ನಡೆಯುತ್ತದೆ. ಎರಡನ್ನೂ ಜೊತೆಯಲ್ಲಿ ಉಳಿಸಿಕೊಂಡವರು ದಸರಾ ಕುಸ್ತಿಯಲ್ಲೂ ಇಳಿಯುತ್ತಾರೆ, ವಿಶ್ವವಿದ್ಯಾಲಯಕ್ಕೂ ಪದಕ ತರುತ್ತಾರೆ.

ಪಂದ್ಯಕ್ಕೆ ಮೊದಲು ನೆಗಡಿ ಬಂದ್ರೆ ಮಾತ್ರೆ ತಗೋಬಹುದಾ?

ತಂಡದ ಮ್ಯಾನೇಜರ್‌ಗೂ ವೈದ್ಯರಿಗೂ ಹೇಳದೆ ತಗೋಬೇಡಿ. ಕೆಲವು ನೆಗಡಿ ಮಾತ್ರೆಗಳಲ್ಲಿ ಸೂಡೋಎಫಿಡ್ರಿನ್ ಇರುತ್ತದೆ. ಸ್ಪರ್ಧೆಯ ಸಮಯದಲ್ಲಿ ಮೈಯಲ್ಲಿ ಅದರ ಪ್ರಮಾಣ ಮಿತಿ ದಾಟಿದರೆ ಡೋಪಿಂಗ್ ಅಂತಲೇ ಲೆಕ್ಕ. ರಾಷ್ಟ್ರಮಟ್ಟದ ವಿಶ್ವವಿದ್ಯಾಲಯ ಕೂಟಗಳಲ್ಲೂ ನಾಡಾದವರು (ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ) ಪರೀಕ್ಷೆ ಮಾಡುತ್ತಾರೆ. ಜಿಮ್‌ನಲ್ಲಿ ಯಾರೋ ಕೊಟ್ಟ ಪುಡಿ, ಇಂಜೆಕ್ಷನ್ ಕಡೆಗಂತೂ ತಿರುಗಿಯೂ ನೋಡಬೇಡಿ.

ಆಟ ಆಡಿದ್ರೆ ಓದು ಹಾಳಾಗಲ್ವಾ? ಮನೇಲಿ ಒಪ್ತಾ ಇಲ್ಲ.

ಮನೆಯವರಿಗೆ ಕ್ರಿಕೆಟಿಗ ಎರಪಳ್ಳಿ ಪ್ರಸನ್ನ ಅವರ ಕಥೆ ಹೇಳಿ. 1962ರಲ್ಲಿ ಅವರು ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್ ಆಡಿದರು. ಅದೇ ವರ್ಷ ವೆಸ್ಟ್ ಇಂಡೀಸ್‌ಗೂ ಹೋದರು. ಆಮೇಲೆ ಮೈಸೂರಿನ ಎನ್‌ಐಇಯಲ್ಲಿ ಎಂಜಿನಿಯರಿಂಗ್ ಮುಗಿಸುವ ಕಡೆ ಗಮನ ಕೊಟ್ಟರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಡಿಗ್ರಿ ಕೈಯಲ್ಲಿತ್ತು, ಚೆಂಡಿನ ತಿರುವೂ ಹೋಗಿರಲಿಲ್ಲ. ಜಗತ್ತಿನ ಅತಿ ಒಳ್ಳೆಯ ಆಫ್ ಸ್ಪಿನ್ನರ್‌ಗಳಲ್ಲಿ ಒಬ್ಬರಾದರು. ಜಾವಗಲ್ ಶ್ರೀನಾಥ್ ಕೂಡ ಮೈಸೂರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್ ಓದಿದವರೇ.

ಎಲ್ಲರೂ ಟೆಸ್ಟ್ ಆಡುವುದಿಲ್ಲ, ಸರಿ. ಸಂಜೆ ಎರಡು ಗಂಟೆ ಆಡಿ ಬಂದವರು ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಾರೆ, ಬೆಳಿಗ್ಗೆ ಬೇಗ ಏಳುತ್ತಾರೆ. ಓದು ಹಾಳಾಗುವುದು ಟೈಮ್ ಟೇಬಲ್ ಇಲ್ಲದವರದ್ದು. ಅವರು ಆಡದೆ ರೂಮಿನಲ್ಲಿ ಕೂತರೂ ಮೊಬೈಲ್‌ನಲ್ಲಿ ಅಷ್ಟೇ ಹೊತ್ತು ಹೋಗಿರುತ್ತದೆ, ಅಲ್ವಾ?

ಹಾಜರಾತಿ ಕಡಿಮೆ ಆದ್ರೆ?

75 ಶೇಕಡಾ ಹಾಜರಾತಿ ನಿಯಮ ಆಟಗಾರರಿಗೂ ಇದೆ. ವಿಶ್ವವಿದ್ಯಾಲಯದ ಪರವಾಗಿ ಹೋದ ದಿನಗಳನ್ನು ಪರಿಗಣಿಸುವ ಪದ್ಧತಿ ಇದೆ, ಆದರೆ ಅದಕ್ಕೆ ಪತ್ರ ಬೇಕು. ಹೋಗುವ ಮುಂಚೆಯೇ ದೈಹಿಕ ಶಿಕ್ಷಣ ವಿಭಾಗದಿಂದ ಪತ್ರ ತಂದು ನಿಮ್ಮ ವಿಭಾಗದ ಮುಖ್ಯಸ್ಥರಿಗೆ ಕೊಡಿ. ಒಂದು ಪ್ರತಿಯ ಮೇಲೆ ಸಹಿ ಹಾಕಿಸಿ ನಿಮ್ಮ ಬಳಿ ಇಟ್ಟುಕೊಳ್ಳಿ. ಸೆಮಿಸ್ಟರ್ ಕೊನೆಯಲ್ಲಿ ಓಡಾಡುವ ಕಷ್ಟ ಇರುವುದಿಲ್ಲ. ಇಂಟರ್ನಲ್ಸ್ ಅದೇ ವಾರ ಬಂದರೆ ಮೇಷ್ಟ್ರನ್ನು ಮೊದಲೇ ಕಂಡು ಮಾತಾಡಿ. ಹೆಚ್ಚಿನವರು ಒಳ್ಳೆಯ ಮನಸ್ಸಿನಿಂದಲೇ ದಾರಿ ಮಾಡಿಕೊಡುತ್ತಾರೆ.

ಸರ್ಟಿಫಿಕೇಟ್‌ನಿಂದ ಕೆಲಸ ಸಿಗುತ್ತಾ?

ಸರ್ಟಿಫಿಕೇಟ್ ಒಂದೇ ಕೆಲಸ ಕೊಡಿಸುವುದಿಲ್ಲ, ಬಾಗಿಲು ತೆರೆಯುತ್ತದೆ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನೇಮಕಾತಿಯಲ್ಲಿ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದವರನ್ನು ಪರಿಗಣಿಸುತ್ತಾರೆ. ಅದಕ್ಕೆ 'ಫಾರ್ಮ್ 3' ಎಂಬ ನಮೂನೆಯಲ್ಲಿ ವಿಶ್ವವಿದ್ಯಾಲಯದ ಕ್ರೀಡಾ ಮುಖ್ಯಸ್ಥರ ಸಹಿ ಬೇಕು. ರೈಲ್ವೆ, ಅಂಚೆ ಇಲಾಖೆಗಳಲ್ಲಿ ಹೀಗೆ ಸೇರಿದವರು ನಮ್ಮ ಕಡೆ ಎಷ್ಟೋ ಜನ ಇದ್ದಾರೆ. ಸಹಿ, ಸೀಲು, ಪಂದ್ಯದ ದಿನಾಂಕ, ನಿಮ್ಮ ಹೆಸರಿನ ಅಕ್ಷರ ಎಲ್ಲ ಅಂಕಪಟ್ಟಿಗೆ ಹೊಂದುತ್ತದೆಯೇ ಅಂತ ಕೊಟ್ಟ ದಿನವೇ ನೋಡಿಕೊಳ್ಳಿ.

ಮಗಳು ಟೂರ್ನಮೆಂಟ್‌ಗೆ ಬೇರೆ ರಾಜ್ಯಕ್ಕೆ ಹೋಗ್ತೀನಿ ಅಂತಾಳೆ. ಕಳಿಸಬಹುದಾ?

ಕಳಿಸಿ ಅಮ್ಮ, ಕಳಿಸಿ ಅಪ್ಪ. ಮ್ಯಾನೇಜರ್ ಯಾರು, ಜೊತೆಯಲ್ಲಿ ಮಹಿಳಾ ಸಿಬ್ಬಂದಿ ಇದ್ದಾರೆಯೇ, ಉಳಿಯುವುದು ಎಲ್ಲಿ, ಯಾವ ರೈಲು, ಇಷ್ಟು ಕೇಳುವ ಹಕ್ಕು ನಿಮಗೆ ಪೂರ್ತಿ ಇದೆ. ಕೇಳಿ ಬರೆದುಕೊಳ್ಳಿ. ಮಹಿಳಾ ತಂಡದ ಜೊತೆ ಮಹಿಳಾ ಮ್ಯಾನೇಜರ್ ಇರಬೇಕು, ಅದನ್ನು ಒತ್ತಾಯ ಮಾಡಿ ಕೇಳಿದರೂ ತಪ್ಪಿಲ್ಲ.

ಹಳ್ಳಿಯಿಂದ ಬಂದ ಹುಡುಗಿ ಮೊದಲ ಸಲ ರೈಲಿನಲ್ಲಿ ಎರಡು ರಾತ್ರಿ ಪ್ರಯಾಣ ಮಾಡಿ, ಬೇರೆ ಭಾಷೆಯ ಊರಿನಲ್ಲಿ ಆಡಿ ಬರುತ್ತಾಳಲ್ಲ, ಅವಳ ನಡಿಗೆಯೇ ಬದಲಾಗಿರುತ್ತದೆ. ಸೋತು ಬಂದರೂ ಅಷ್ಟೇ. ನಾನು ಮ್ಯಾನೇಜರ್ ಆಗಿ ತಂಡಗಳ ಜೊತೆ ಹೋದಾಗಲೆಲ್ಲ ಇದನ್ನು ನೋಡಿದ್ದೇನೆ. ಯಾವ ಪಾಠದಲ್ಲೂ ಸಿಗದ ಧೈರ್ಯ ಅದು.

ನಾನು ಸಂಗೀತ ಕಲಿತಿಲ್ಲ, ಹಾಡ್ತೀನಿ ಅಷ್ಟೇ. ಯುವಜನೋತ್ಸವಕ್ಕೆ ಹೆಸರು ಕೊಡಬಹುದಾ?

ಕೊಡಿ. ಸ್ಪರ್ಧೆಗಳಲ್ಲಿ ಶಾಸ್ತ್ರೀಯ ಗಾಯನ ಒಂದು ಭಾಗ ಮಾತ್ರ. ಸುಗಮ ಸಂಗೀತ ಇದೆ, ಸಮೂಹ ಗಾಯನ ಇದೆ, ಪಾಶ್ಚಾತ್ಯ ಗಾಯನ ಇದೆ, ಜಾನಪದ ವಾದ್ಯಮೇಳ ಇದೆ. ಹಾಡದವರಿಗೆ ಏಕಾಂಕ ನಾಟಕ, ಮೂಕಾಭಿನಯ, ಮಿಮಿಕ್ರಿ, ರಸಪ್ರಶ್ನೆ, ಚರ್ಚೆ, ರಂಗೋಲಿ, ವ್ಯಂಗ್ಯಚಿತ್ರ, ಜೇಡಿಮಣ್ಣಿನ ಶಿಲ್ಪ. ಆಟದ ಹಾಗೆಯೇ ವಿಶ್ವವಿದ್ಯಾಲಯ, ದಕ್ಷಿಣ ವಲಯ, ರಾಷ್ಟ್ರ ಅಂತ ಮೆಟ್ಟಿಲುಗಳು.

ಹೊಸಬರು ಮುಗ್ಗರಿಸುವುದು ನಿಯಮಗಳಲ್ಲಿ. ಸುಗಮ ಸಂಗೀತಕ್ಕೆ 4ರಿಂದ 6 ನಿಮಿಷ, ಸಿನಿಮಾ ಹಾಡು ನಡೆಯುವುದಿಲ್ಲ. ಸಮೂಹ ಗಾಯನದಲ್ಲಿ ಹಾಡುವವರು 6 ಜನ. ಮೂಕಾಭಿನಯ 5 ನಿಮಿಷ, ಏಕಾಂಕ 30 ನಿಮಿಷ. ಸಮಯ ಮೀರಿದರೆ ಅಂಕ ಹೋಗುತ್ತದೆ. ಎಷ್ಟೇ ಚೆನ್ನಾಗಿ ಹಾಡಿದರೂ ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡದಿದ್ದರೆ ಕೊನೆಯ ಚರಣ ವೇದಿಕೆಯಲ್ಲೇ ಉಳಿದುಬಿಡುತ್ತದೆ.

ಕಲಿಯುವ ಆಸೆ ಇದ್ದವರಿಗೆ ಮೈಸೂರಿಗಿಂತ ಒಳ್ಳೆಯ ಊರು ಕಡಿಮೆ. ವಿಶ್ವವಿದ್ಯಾಲಯದ್ದೇ ಲಲಿತಕಲಾ ಕಾಲೇಜು ಇದೆ. ಊರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಇದೆ. ಮೊಹಲ್ಲಾಗಳಲ್ಲಿ ಮನೆಯಲ್ಲೇ ಪಾಠ ಹೇಳಿಕೊಡುವ ಮೇಷ್ಟ್ರು ಇದ್ದಾರೆ. ಸರಳೆ ವರಸೆಯಿಂದ ಶುರು ಮಾಡಲು ಇಪ್ಪತ್ತೊಂದು ವಯಸ್ಸು ತಡ ಅಂತ ನಾನು ಒಪ್ಪುವುದಿಲ್ಲ.

ಒಳ್ಳೆ ಕಚೇರಿ ಕೇಳೋಕೆ ದುಡ್ಡು ಜಾಸ್ತಿ ಬೇಕಾ?

ಬೇಡ. ಇದು ವೀಣೆ ಶೇಷಣ್ಣ, ವಾಸುದೇವಾಚಾರ್ಯ, ಏಳು ತಂತಿಯ ಪಿಟೀಲು ನುಡಿಸಿದ ಚೌಡಯ್ಯ ಬಾಳಿದ ಊರು. ಕೇಳುವವರಿಗೆ ಬಾಗಿಲು ಹಾಕಿದ ಊರಲ್ಲ. ಗಣೇಶನ ಹಬ್ಬದ ಸಮಯದಲ್ಲಿ ಒಂಟಿಕೊಪ್ಪಲಿನ 8ನೇ ಕ್ರಾಸ್‌ಗೆ ಹೋಗಿ. ಗಂಗೋತ್ರಿಯಿಂದ ದೂರವೇನಿಲ್ಲ. ದೇಶದ ದೊಡ್ಡ ದೊಡ್ಡ ವಿದ್ವಾಂಸರು ರಸ್ತೆಯಲ್ಲಿ ಹಾಕಿದ ಪೆಂಡಾಲ್‌ನಲ್ಲಿ ಹಾಡುತ್ತಾರೆ. ಸುಮ್ನೆ ಹೋಗಿ ಕೂರಬಹುದು. ದಸರೆಯಲ್ಲಿ ಅರಮನೆಯ ಮುಂದೆ ಕಚೇರಿ ಇರುತ್ತದೆ. ಕುವೆಂಪುನಗರದ ಗಾನಭಾರತಿ, ಬಿಡಾರಂ ಕೃಷ್ಣಪ್ಪನವರ ರಾಮಮಂದಿರ, ನಾಟಕಕ್ಕೆ ರಂಗಾಯಣ. ರಂಗಾಯಣ 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ್ದು. ಮೂರು ತಾಸಿನ ಕಚೇರಿ ಮೊದಲ ಸಲ ಅರ್ಥವಾಗದಿದ್ದರೆ ಚಿಂತೆ ಬೇಡ. ತನಿ ಆವರ್ತನದ (ಮೃದಂಗದಂಥ ತಾಳವಾದ್ಯ ಮಾತ್ರ ನುಡಿಸುವ ಭಾಗ) ಹೊತ್ತಿಗೆ ಎಲ್ಲರ ಜೊತೆ ನಿಮ್ಮ ಕೈಯೂ ತಾಳ ಹಾಕುತ್ತಿರುತ್ತದೆ.

ಕಂಸಾಳೆ, ಡೊಳ್ಳು ನಮ್ಮ ಮನೆಯಲ್ಲೇ ಇದೆ. ಇಲ್ಲಿ ಅದಕ್ಕೆ ಬೆಲೆ ಇದೆಯಾ?

ನಿಮ್ಮಂಥವರಿಗಾಗಿ ಕಾಯುತ್ತಿರುತ್ತಾರೆ. ಜಾನಪದ ನೃತ್ಯ, ಜಾನಪದ ವಾದ್ಯಮೇಳ ಯುವಜನೋತ್ಸವದ ದೊಡ್ಡ ಸ್ಪರ್ಧೆಗಳು. ಕಂಸಾಳೆ ಹಿಡಿದು ಹಾಡುವ ಮಾದಪ್ಪನ ಗುಡ್ಡರ ಮನೆಯ ಹುಡುಗ, ಮಂಟೇಸ್ವಾಮಿ ಪದ ಹಾಡುವ ನೀಲಗಾರರ ಮನೆಯ ಹುಡುಗ ತಂಡದಲ್ಲಿದ್ದರೆ ಉಳಿದವರು ಅವನಿಂದ ಕಲಿಯುತ್ತಾರೆ. ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಮಾತೇ ಆಡದವನು ಕಂಸಾಳೆ ಹಿಡಿದ ತಕ್ಷಣ ಎಲ್ಲರಿಗೂ ಗುರು. ಇದಕ್ಕಿಂತ ಸಂತೋಷದ ನೋಟ ಕ್ಯಾಂಪಸ್‌ನಲ್ಲಿ ನಾನು ಕಂಡಿಲ್ಲ.

ದಯವಿಟ್ಟು ಒಂದು ಮಾತು: ಸ್ಪರ್ಧೆಗೆ ಅಂತ ಹೆಜ್ಜೆ, ವೇಷ ಬದಲಾಯಿಸುವಾಗ ಮನೆಯ ಹಿರಿಯರನ್ನು ಕೇಳಿ. ಕೆಲವು ಪದ ಆಚರಣೆಯಲ್ಲಿ ಮಾತ್ರ ಹಾಡುವಂಥವು. ಗಂಗೋತ್ರಿಯ ಜಯಲಕ್ಷ್ಮಿ ವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯ ಇದೆ, ಅದರ ಹಿಂದೆ ಜಾನಪದ ವಿದ್ವಾಂಸ ಜೀಶಂಪ ಅವರಂಥವರ ಶ್ರಮ ಇದೆ. ತಂಡ ಕಟ್ಟುವ ಮೊದಲು ಎಲ್ಲರೂ ಒಮ್ಮೆ ನೋಡಿ ಬನ್ನಿ.

ಯುವ ಸಂಭ್ರಮದಲ್ಲಿ ಕುಣಿಯೋದು ಹೇಗೆ?

ದಸರೆಗೆ ಮುಂಚೆ ಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಹಲವು ದಿನ ನಡೆಯುತ್ತದೆ. ರಾಜ್ಯದ ಬೇರೆ ಬೇರೆ ಕಾಲೇಜುಗಳಿಂದ ತಂಡಗಳು ಬರುತ್ತವೆ. ಹೆಸರು ಕೊಡುವುದು ಕಾಲೇಜಿನ ಮೂಲಕ, ಒಬ್ಬೊಬ್ಬರಾಗಿ ಆಗುವುದಿಲ್ಲ. ಸಾಂಸ್ಕೃತಿಕ ಸಮಿತಿಯ ಮೇಷ್ಟ್ರನ್ನು ಬೇಗ ಹಿಡಿಯಿರಿ. ನೋಡಲು ಬರುವವರು ಸಂಜೆ ಸ್ವಲ್ಪ ಮುಂಚೆ ಬನ್ನಿ, ಮೆಟ್ಟಿಲು ತುಂಬಿಬಿಡುತ್ತದೆ.

ಹಾಸ್ಟೆಲ್‌ನಲ್ಲಿ ಅಭ್ಯಾಸ ಮಾಡಿದ್ರೆ ಪಕ್ಕದ ರೂಮಿನವರು ಬೈತಾರೆ. ಏನ್ಮಾಡೋದು?

ಅವರದ್ದೂ ನ್ಯಾಯ. ಮೃದಂಗ, ತಬಲಾ ರಾತ್ರಿ ಬೇಡ. ಸಂಜೆ ಊಟಕ್ಕೆ ಮುಂಚೆ ಒಂದು ಹೊತ್ತು ಗೊತ್ತು ಮಾಡಿಕೊಂಡು ಆ ಸಾಲಿನವರಿಗೆಲ್ಲ ಹೇಳಿಬಿಡಿ. ವಾರ್ಡನ್‌ನ ಕೇಳಿದರೆ ಓದುವ ಕೋಣೆಯಿಂದ ದೂರದ ಒಂದು ಜಾಗ ಕೊಡಬಹುದು. ಗಾಯನದವರಿಗೆ ಬೆಳಗಿನ ಮಂದ್ರ ಸಾಧನೆ ಒಳ್ಳೆಯದು, ದನಿ ಜೋರಾಗಿ ಹೋಗುವುದಿಲ್ಲ. ಹಾಸ್ಟೆಲ್ ಡೇ ದಿನ ಎಲ್ಲರಿಗಾಗಿ ಒಂದು ಹಾಡು ಹಾಡಿ. ಆಮೇಲೆ ಬೈಯುವವರು ಕಡಿಮೆಯಾಗುತ್ತಾರೆ.

ಎನ್‌ಎಸ್‌ಎಸ್ ಸೇರಬೇಕಾ, ಆಟ ಸೇರಬೇಕಾ?

ಎರಡೂ ಆಗುತ್ತದೆ. ಎನ್‌ಎಸ್‌ಎಸ್‌ನಲ್ಲಿ (ರಾಷ್ಟ್ರೀಯ ಸೇವಾ ಯೋಜನೆ) ಎರಡು ವರ್ಷಕ್ಕೆ 240 ಗಂಟೆ ಸೇವೆ, ಜೊತೆಗೆ ಹಳ್ಳಿಯಲ್ಲಿ 7 ದಿನದ ಶಿಬಿರ. ಶಿಬಿರದ ದಿನಾಂಕ ಪಂದ್ಯಕ್ಕೆ ಅಡ್ಡ ಬರದಂತೆ ನೋಡಿಕೊಂಡರೆ ಸಾಕು. ಎನ್‌ಸಿಸಿಗೆ ಜಾಸ್ತಿ ಸಮಯ ಬೇಕು. ಪರೇಡ್ ದಿನ ಆಟದ ಅಭ್ಯಾಸ ತಪ್ಪುತ್ತದೆ, ಮೊದಲೇ ಯೋಚಿಸಿ.

ಸೀನಿಯರ್ಸ್ ತೊಂದರೆ ಕೊಟ್ರೆ?

ತಂಡದಲ್ಲಿ ಹೊಸಬರು ಬಾಟಲಿ, ಬ್ಯಾಗು ಹೊರುವುದು ವಾಡಿಕೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಸಾಮಾನು ಹೊರುವುದು ಎಲ್ಲರ ಕೆಲಸ. ಅದನ್ನು ಮೀರಿ ಅವಮಾನ, ಹೊಡೆತ, ಹಣ ಕೇಳುವುದು ನಡೆದರೆ ಅದು ರ್‍ಯಾಗಿಂಗ್. ಯುಜಿಸಿಯ 2009ರ ನಿಯಮದ ಪ್ರಕಾರ ಶಿಕ್ಷೆ ಇದೆ. ರಾಷ್ಟ್ರೀಯ ಸಹಾಯವಾಣಿ 1800-180-5522. ಮೈದಾನದಲ್ಲಿ ನಡೆದದ್ದಕ್ಕೂ ಇದು ಅನ್ವಯಿಸುತ್ತದೆ.

ನಾನು ಕೊನೇ ವರ್ಷದಲ್ಲಿದ್ದೀನಿ. ಈಗ ಸೇರಿದ್ರೆ ಪ್ರಯೋಜನ ಇದೆಯಾ?

ಅಂತರ ವಿಶ್ವವಿದ್ಯಾಲಯ ಆಟಕ್ಕೂ ಯುವಜನೋತ್ಸವಕ್ಕೂ ವಯಸ್ಸಿನ ಮಿತಿ 25. ಅದರೊಳಗೆ ಇದ್ದರೆ ಟ್ರಯಲ್ಸ್‌ಗೆ ಬನ್ನಿ. ವಯಸ್ಸು ಮೀರಿದ್ದರೆ ಸಂಜೆಯ ಆಟಕ್ಕೆ, ಸಮೂಹ ಗಾಯನದ ಅಭ್ಯಾಸಕ್ಕೆ, ನಾಟಕದ ಬೆಳಕಿಗೆ, ರಂಗಸಜ್ಜಿಕೆಗೆ ಬನ್ನಿ. ಅಲ್ಲಿ ಯಾರೂ ಜನ್ಮದಿನಾಂಕ ಕೇಳುವುದಿಲ್ಲ.

ಟ್ರಯಲ್ಸ್‌ಗೆ ಬರುವಾಗ ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಅಂಕಪಟ್ಟಿ, ಈ ವರ್ಷದ ಶುಲ್ಕದ ರಸೀದಿ, ಐಡಿ ಕಾರ್ಡ್ ಇವುಗಳ ಎರಡೆರಡು ಜೆರಾಕ್ಸ್, ನಾಲ್ಕು ಫೋಟೋ ಇರಲಿ. ಅರ್ಹತಾ ನಮೂನೆಗೆ ಪ್ರಾಂಶುಪಾಲರ ಸಹಿ ಹಿಂದಿನ ದಿನವೇ ಮಾಡಿಸಿಕೊಳ್ಳಿ. ಬೆಳಿಗ್ಗೆ ಬೇಗ ಬಂದು ಮೈ ಬಿಸಿ ಮಾಡಿಕೊಂಡು ಪಟ್ಟಿಯಲ್ಲಿ ಹೆಸರು ಬರೆಸಿ.